ಮುಚ್ಚಿಹೋಗುವ ಮುನ್ನ ನೋಡಿಕೊಳ್ಳಿ

ಭಾನುವಾರ ಮಕ್ಕಳು ಮರಿಗಳೊಂದಿಗೆ ಸೈಟಿಗೆ ಹೋಗಿ, ಎದ್ದಿರುವ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದು ‘ಮನೆ ಕೆಲಸ ನೋಡಿಕೊಂಡು ಬಂದೆವು’ ಎನ್ನುವವರೇ ಹೆಚ್ಚು. ಸಂತೋಷ, ಹೋಗಿ ಬನ್ನಿ. ಆದರೆ ಶನಿವಾರ ಬಟವಾಡೆಯಾದ ಮೇಲೆ ಭಾನುವಾರ ಅಲ್ಲಿ ಯಾರೂ ಇರುವುದಿಲ್ಲ, ನೋಡಬೇಕಾದದ್ದೆಲ್ಲ ಅಷ್ಟರಲ್ಲಿ ಮಣ್ಣಿನೊಳಗೋ ಕಾಂಕ್ರೀಟಿನೊಳಗೋ ಗಾರೆಯೊಳಗೋ ಸೇರಿಹೋಗಿರುತ್ತದೆ. ಮುಂದೆ ತಲೆನೋವು ತರುವ ಭಾಗಗಳೆಲ್ಲ ಹೀಗೆ ಕಣ್ಣಿಗೆ ಮರೆಯಾಗುವಂಥವೇ. ಆದ್ದರಿಂದ ವಾರಕ್ಕೊಮ್ಮೆ ಹೋಗುವ ಲೆಕ್ಕ ಬಿಡಿ. ಒಂದೊಂದು ಕೆಲಸ ಮುಚ್ಚುವ ಹಿಂದಿನ ದಿನ ಹೋಗಿ. ಗುದ್ದಲಿ ಪೂಜೆಯ ದಿನವೇ ಮೇಸ್ತ್ರಿಗೆ ಹೇಳಿಬಿಡಿ: ಪಾಯಕ್ಕೆ ಮುಂಚೆ, ಮೋಲ್ಡಿಗೆ (ಚಾವಣಿಯ ಕಾಂಕ್ರೀಟಿಗೆ) ಮುಂಚೆ, ಗಾರೆಗೆ ಮುಂಚೆ, ಟೈಲ್ಸಿಗೆ ಮುಂಚೆ ಒಂದು ಫೋನ್ ಬರಬೇಕು, ನಾವು ನೋಡಿದ ಮೇಲೆಯೇ ಮುಂದಿನದು.

ಪಾಯದಲ್ಲಿ ನೋಡುವುದು ಒಂದೇ, ಗಟ್ಟಿ ನೆಲ ಸಿಕ್ಕಿದೆಯೇ ಎಂದು. ನಕ್ಷೆಯಲ್ಲಿ ಐದು ಅಡಿ ಎಂದು ಬರೆದಿದೆ, ಐದು ಅಡಿ ತೆಗೆದಿದ್ದೇವೆ ಎಂಬ ಉತ್ತರ ಸಾಲದು. ನಮ್ಮ ದಾವಣಗೆರೆ ಕಡೆಯಿಂದ ಹುಬ್ಬಳ್ಳಿ, ಗದಗದವರೆಗೆ ಎರೆ ನೆಲ ಸಿಗುವ ಜಾಗ ಬಹಳ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮೇಲಿನ ಗೋಡೆಯನ್ನೂ ಹಾಗೆಯೇ ಸೀಳುತ್ತದೆ. ಅಂಥ ಕಡೆ ಮಣ್ಣಿನ ಪರೀಕ್ಷೆ ಮಾಡಿಸದೆ ಪಾಯ ಹಾಕಬೇಡಿ, ಆ ಖರ್ಚು ಇಡೀ ಮನೆಯ ಖರ್ಚಿನಲ್ಲಿ ಏನೂ ಅಲ್ಲ. ಇನ್ನೊಂದು, ಪಾಯದಿಂದ ತೆಗೆದ ಎರೆ ಮಣ್ಣನ್ನೇ ಮತ್ತೆ ಮನೆಯೊಳಗೆ ತುಂಬುತ್ತಾರೆ. ಬಿಡಬೇಡಿ. ಗರಸು ತರಿಸಿ, ಅರ್ಧ ಅಡಿಯಂತೆ ಪದರಪದರವಾಗಿ ಹಾಕಿ, ನೀರು ಹೊಡೆದು, ದಿಮ್ಮಸು ಹೊಡೆಸಿ. ಹೊಸ ಮನೆಯ ಹಾಲಿನ ನಡುವೆ ಟೈಲ್ಸ್ ಕೂತುಹೋಗಿ ಟೊಳ್ಳು ಸದ್ದು ಬರುವುದಕ್ಕೆ ಬಹುಮಟ್ಟಿಗೆ ಈ ತುಂಬುವ ಕೆಲಸದ ಸೋಮಾರಿತನವೇ ಕಾರಣ. ಗೆದ್ದಲಿನ ಔಷಧಿಯನ್ನೂ ನೆಲಕ್ಕೆ ಕಾಂಕ್ರೀಟ್ ಬೀಳುವ ಮುನ್ನವೇ ಹೊಡೆಸಬೇಕು.

ಸಾಮಾನು ಬಂದಿಳಿಯುವಾಗ ಮನೆಯವರೊಬ್ಬರು ಅಲ್ಲಿರಲಿ. ಮರಳು, ಜಲ್ಲಿ ಲಾರಿ ಬಂದರೆ ಸುರಿಯುವ ಮೊದಲು ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆಯಿರಿ. ಚಾಲಕ ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಬ್ಬಿಣದ ಲೆಕ್ಕ ಇನ್ನೂ ಸುಲಭ. ಸಾಮಾನ್ಯವಾಗಿ ಒಂದು ಸರಳು 12 ಮೀಟರ್ ಉದ್ದ. 8 ಎಂಎಂ ಸರಳು ಹೆಚ್ಚು ಕಡಿಮೆ 4.7 ಕಿಲೊ, 10 ಎಂಎಂ 7.4 ಕಿಲೊ, 12 ಎಂಎಂ 10.7 ಕಿಲೊ ತೂಗುತ್ತದೆ. ಸರಳುಗಳನ್ನು ಎಣಿಸಿ ಗುಣಿಸಿ, ತೂಕದ ಚೀಟಿಯ ಪಕ್ಕ ಇಟ್ಟು ನೋಡಿ. ಅಲ್ಪಸ್ವಲ್ಪ ವ್ಯತ್ಯಾಸ ಸಹಜ, ಕ್ವಿಂಟಲ್‌ಗಟ್ಟಲೆ ವ್ಯತ್ಯಾಸ ಸಹಜವಲ್ಲ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರವೋ ತಿಂಗಳೋ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದನ್ನು ಇಳಿಸಿಕೊಳ್ಳಬೇಡಿ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಿಡಿಸಿ. ಇದನ್ನೆಲ್ಲ ಬರೆದಿಡಲು ಒಂದು 200 ಪುಟದ ನೋಟುಪುಸ್ತಕ ಸಾಕು. ಬಂದ ಚೀಲ, ಉಳಿದ ಚೀಲ, ಕೊಟ್ಟ ಮುಂಗಡ ಎಲ್ಲವೂ ದಿನಾಂಕದ ಸಮೇತ ಇರಲಿ, ಮುಂಗಡದ ಪಕ್ಕ ಮೇಸ್ತ್ರಿಯ ಸಹಿಯೂ ಇರಲಿ.

ಮನೆಯ ಕೆಲಸದಲ್ಲೆಲ್ಲ ನಾನು ತಪ್ಪಿಸದೆ ಹೋಗುವುದು ಮೋಲ್ಡ್ ಹಾಕುವ ಹಿಂದಿನ ಸಂಜೆ. ಈ ವಯಸ್ಸಿನಲ್ಲಿ ಏಣಿ ಹತ್ತುತ್ತೀಯಾ ಎಂದು ಮಗ ಬೈಯುತ್ತಾನೆ. ಸೀರೆ ಎತ್ತಿ ಕಟ್ಟಿಕೊಂಡು ಹತ್ತುತ್ತೇನೆ. ಮೇಲೆ ಹೋದವರು ಕಬ್ಬಿಣದ ಜಾಲರಿಯ ಪಕ್ಕ ಕೂತು ಸರಳಿನ ಅಡಿಗೆ ಬೆರಳು ತೂರಿಸಿ ನೋಡಿ. ಬೆರಳ ತುದಿ ಸಲೀಸಾಗಿ ಹೋದರೆ ಸರಿ. ಸರಳು ಸೆಂಟ್ರಿಂಗ್ ಶೀಟಿಗೆ (ಹಸಿ ಕಾಂಕ್ರೀಟನ್ನು ಹೊರುವ ತಗಡಿಗೆ) ಅಂಟಿ ಕೂತಿದ್ದರೆ ಅಡಿಗೆ ಕವರ್ ಬ್ಲಾಕ್, ಅಂದರೆ ಸರಳನ್ನು ಎತ್ತಿ ಹಿಡಿಯುವ ಬಿಲ್ಲೆ, ಇಟ್ಟಿಲ್ಲ ಎಂದರ್ಥ. ಚಾವಣಿಯಲ್ಲಿ ಸರಳಿನ ಕೆಳಗೆ ಕನಿಷ್ಠ 20 ಎಂಎಂ ಕಾಂಕ್ರೀಟ್ ಇರಬೇಕು. ಇಲ್ಲದಿದ್ದರೆ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೆಲವು ವರ್ಷಗಳಲ್ಲಿ ಚಾವಣಿಯ ಚಕ್ಕೆ ಊಟದ ತಟ್ಟೆಗೆ ಬೀಳುತ್ತದೆ. ಜಲ್ಲಿ ಚೂರು ಇಟ್ಟು ‘ಇದೇ ಸಾಕಮ್ಮ’ ಎನ್ನುತ್ತಾರೆ. ಸಾಲದು, ಅದು ತುಳಿತಕ್ಕೆ ಜಾರುತ್ತದೆ. ಆಮೇಲೆ ಬಾಲ್ಕನಿಯ ಕಡೆ ನಡೆಯಿರಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿ, ಸಜ್ಜಾಗಳಲ್ಲಿ ಭಾರ ಹೊರುವ ಮುಖ್ಯ ಸರಳು ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಬಾಂಡಲಿ ಹೊತ್ತ ಆಳುಗಳು ಅದರ ಮೇಲೆಯೇ ಓಡಾಡಿ ತುಳಿದು ಕೆಳಗೆ ಕೂರಿಸಿಬಿಡುತ್ತಾರೆ. ಸರಳನ್ನು ಎತ್ತಿ ಹಿಡಿಯುವ ಕಬ್ಬಿಣದ ಕುರ್ಚಿಗಳನ್ನು ಇಟ್ಟಿದ್ದಾರೆಯೇ, ಓಡಾಡಲು ಹಲಗೆ ಹಾಸಿದ್ದಾರೆಯೇ ನೋಡಿ. ಫ್ಯಾನಿನ ಡಬ್ಬಿ, ವಿದ್ಯುತ್ ಪೈಪು, ಬಚ್ಚಲಿನ ಪೈಪಿನ ಜಾಗ ಎಲ್ಲವೂ ಅಂದೇ ಕೂತಿರಬೇಕು. ಆಮೇಲೆ ಚಾವಣಿ ಕೊರೆಯುವ ಮಾತೇ ಬೇಡ. ಎಂಜಿನಿಯರ್ ಬಂದು ನೋಡಿ ಹೂಂ ಅಂದ ಮೇಲೆಯೇ ಮಿಕ್ಸರ್‌ಗೆ ಹೇಳಿ. ನಾವು ನೋಡುವುದು ಅವರಿಗೆ ಬದಲಿಯಾಗಿ ಅಲ್ಲ.

ಮೋಲ್ಡಿನ ದಿನ ಕಣ್ಣು ನೀರಿನ ಮೇಲಿರಲಿ. ಕಾಂಕ್ರೀಟ್ ಸರಾಗವಾಗಿ ಹರಿಯಲಿ ಎಂದು ಆಳುಗಳು ಬಕೆಟ್ ಮೇಲೆ ಬಕೆಟ್ ನೀರು ಸುರಿಯುತ್ತಾರೆ. 50 ಕಿಲೊದ ಒಂದು ಚೀಲ ಸಿಮೆಂಟಿಗೆ ಸುಮಾರು 25ರಿಂದ 27 ಲೀಟರ್ ನೀರು ಸಾಕು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕಡಿಮೆ. ಅಲ್ಲೇ ಒಂದು ಮಾತು: ತಪ್ಪು ಕಂಡರೆ ಬಾಂಡಲಿ ಹಿಡಿದವರ ಮೇಲೆ ಕೂಗಾಡಬೇಡಿ. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿ, ಅವನೇ ತನ್ನ ಆಳುಗಳಿಗೆ ಹೇಳಲಿ. ನಾಲ್ಕು ಜನರೆದುರು ಮುಖಭಂಗವಾದರೆ ಮರುದಿನದಿಂದ ಅವನು ನಿಮಗೆ ಏನನ್ನೂ ತೋರಿಸುವುದಿಲ್ಲ. ಅಂದು ಎಲ್ಲರಿಗೂ ಒಳ್ಳೆಯ ಊಟ ಹಾಕಿಸಿ, ಅದು ನಮ್ಮ ಕಡೆಯ ಪದ್ಧತಿಯೂ ಹೌದು.

ಇನ್ನು ನೀರುಣಿಸುವುದು. ಹೆಚ್ಚು ದುಡ್ಡಿಲ್ಲದೆ ಮನೆಗೆ ಬಲ ಬರುವ ಕೆಲಸ ಇದೊಂದೇ, ಕೈಬಿಡುವುದೂ ಇದನ್ನೇ. ಚಾವಣಿಯ ಮೇಲೆ ಮರುದಿನವೇ ಚಿಕ್ಕ ಚಿಕ್ಕ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಈಗ ಬಹುತೇಕ ಎಲ್ಲರೂ ಬಳಸುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ ಬೇಕು, ನಾನು ಎರಡು ವಾರಕ್ಕೆ ಕಡಿಮೆ ಒಪ್ಪುವುದಿಲ್ಲ. ಪಿಲ್ಲರ್‌ಗಳಿಗೆ ಗೋಣಿಚೀಲ ಸುತ್ತಿ ಅದನ್ನು ಒಣಗಲು ಬಿಡಬಾರದು. ಕಟ್ಟಿದ ದಿನಾಂಕವನ್ನು ಗೋಡೆಯ ಮೇಲೆ ಇಟ್ಟಿಗೆ ಚೂರಿನಲ್ಲಿ ಬರೆಸಿದರೆ ಎಷ್ಟು ದಿನವಾಯಿತು ಎಂಬ ವಾದವೇ ಏಳುವುದಿಲ್ಲ. ಪರೀಕ್ಷಿಸಬೇಕೆಂದರೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಪಶ್ಚಿಮದ ಗೋಡೆಗೆ ಅಂಗೈ ಇಡಿ. ತಣ್ಣಗಿದ್ದರೆ ನೀರು ಬೀಳುತ್ತಿದೆ, ಕಾದಿದ್ದರೆ ಬೆಳಿಗ್ಗೆಯ ಒಂದು ಸಲಕ್ಕೇ ಮುಗಿಸಿದ್ದಾರೆ. ಈ ಕೆಲಸ ಮಾಡುವವರು ಶೆಡ್ಡಿನಲ್ಲಿರುವ ವಾಚ್‌ಮನ್ ದಂಪತಿ. ಅವರಿಗೆ ಇದಕ್ಕೆಂದೇ ಬೇರೆ ದುಡ್ಡು ಕೊಡಿ, ಹಬ್ಬಕ್ಕೆ ಬಟ್ಟೆ ಕೊಡಿ. ಚಾವಣಿಯ ಕೆಳಗಿನ ಆಸರೆ ಕಂಬ ತೆಗೆಯಲು ಸೆಂಟ್ರಿಂಗ್‌ನವರು ಅವಸರ ಮಾಡುತ್ತಾರೆ, ಅವರಿಗೆ ಇನ್ನೊಂದು ಕಡೆ ಬಾಡಿಗೆ ಕಾದಿರುತ್ತದೆ. ನಿಯಮದಂತೆ ಆಧಾರದಿಂದ ಆಧಾರಕ್ಕೆ 15 ಅಡಿಯೊಳಗಿನ ಚಾವಣಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, ಉದ್ದನೆಯ ಬೀಮಿದ್ದರೆ 21 ದಿನ. ಪಿಪಿಸಿ ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನೂ ಕೆಲವು ದಿನ ಬಿಟ್ಟರೆ ನಷ್ಟವಿಲ್ಲ.

ಗಾರೆಗೆ ಮುಂಚಿನ ಭೇಟಿ ಅಡುಗೆ ಮಾಡುವವರದು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ಮೊದಲೇ ಸೀಮೆಸುಣ್ಣ ಹಿಡಿದು ಮಿಕ್ಸಿ, ಗ್ರೈಂಡರ್, ಫ್ರಿಜ್, ವಾಷಿಂಗ್ ಮಷೀನ್, ಗೀಸರ್, ದೇವರ ಮನೆಯ ದೀಪ ಎಲ್ಲಿ ಬರಬೇಕೆಂದು ಗುರುತು ಹಾಕಲಿ. ಅಡುಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಅಳತೆಗೆ ಬಿಡದೆ, ಅಡುಗೆ ಮಾಡುವವರು ನಿಂತು ಮೊಣಕೈ ಮಡಚಿ, ಅದಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗೆ ಗೆರೆ ಎಳೆಯಲಿ. ವಯಸ್ಸಾದವರ ಬಚ್ಚಲಿನಲ್ಲಿ ಹಿಡಿಕೆ ಕೂರಿಸುವ ಜಾಗವನ್ನೂ ಆಗಲೇ ಗುರುತಿಸಿ. ಪೈಪುಗಳೆಲ್ಲ ಕೂತ ಮೇಲೆ, ಗಾರೆ ಬೀಳುವ ಮುನ್ನ ಒಂದೊಂದು ಗೋಡೆಯ ಫೋಟೊ ತೆಗೆಯಿರಿ. ಟೇಪನ್ನು ಗೋಡೆಯ ಮೇಲೆ ಬಿಚ್ಚಿಟ್ಟು, ಕೋಣೆಯ ಒಂದು ಮೂಲೆ ಚಿತ್ರದಲ್ಲಿ ಬರುವಂತೆ ತೆಗೆದರೆ ಮಾತ್ರ ಉಪಯೋಗ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವಾಗ ನೀರಿನ ಪೈಪು ಎಲ್ಲಿದೆ ಎಂದು ಅದರಲ್ಲೇ ಸಿಗುತ್ತದೆ. ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಮೊಬೈಲಿನಲ್ಲೇ ಕೆಲಸ ನೋಡುತ್ತಿದ್ದರೆ, ಮುಂಬಾಗಿಲಿನಿಂದ ಶುರು ಮಾಡಿ ಬಲಸುತ್ತಾಗಿ ನಡೆದು ತೆಗೆದ ವಿಡಿಯೊ ಕಳಿಸಲು ಹೇಳಿ. ಪ್ರತಿ ಸಲ ಅದೇ ದಾರಿಯಲ್ಲಿ ನಡೆದರೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಸಲು ಬರುತ್ತದೆ.

ಬಚ್ಚಲಿನ ತಗ್ಗಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡಿ. ನೀರು ಗೆರೆಯಿಂದ ಗಣನೀಯವಾಗಿ ಇಳಿದರೆ, ಅಥವಾ ಕೆಳಗಿನ ಚಾವಣಿಯಲ್ಲಿ ಕಲೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಟೈಲ್ಸ್ ಕೂತ ದಿನ ಒಂದು ಚೊಂಬು ನೀರು ಸುರಿದು ಅದು ತಾನಾಗಿ ಮೋರಿಗೆ ಹೋಗುತ್ತದೆಯೇ ನೋಡಿ. ಬಾಗಿಲು, ಬಣ್ಣ, ಗ್ರಿಲ್ಲುಗಳ ಬಗ್ಗೆ ನಾನು ಹೇಳುವುದೇನಿಲ್ಲ. ಅವು ಎದುರಿಗೇ ಕಾಣುತ್ತವೆ, ಬೇಡವೆಂದರೆ ಬದಲಿಸಲೂ ಬರುತ್ತದೆ.

ಹಣವನ್ನು ಕೆಲಸದ ಹಂತಕ್ಕೆ ಕಟ್ಟಿ. ಬ್ಯಾಂಕಿನವರೂ ಸಾಲವನ್ನು ಹಂತಹಂತವಾಗಿಯೇ ಬಿಡುತ್ತಾರೆ, ನಿಮ್ಮ ಕರಾರೂ ಹಾಗೆಯೇ ಇರಲಿ. ಕೊನೆಯ ಕಂತಿನಲ್ಲಿ ಶೇಕಡಾ ಐದನ್ನಾದರೂ ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಮಾತನ್ನು ಮೊದಲೇ ಬರೆಸಿಕೊಳ್ಳಿ. ಆಷಾಢ ಬಂದುಬಿಡುತ್ತದೆ, ಅದಕ್ಕೆ ಮುಂಚೆ ಗೃಹಪ್ರವೇಶ ಆಗಲೇಬೇಕು ಎಂಬ ಒತ್ತಡ ಎಲ್ಲ ಮನೆಗಳಲ್ಲೂ ಇರುತ್ತದೆ. ಗಾರೆಯಾಗಿ ತಿಂಗಳೂ ಕಳೆಯದ ಹಸಿ ಗೋಡೆಗೆ ಬಣ್ಣ ಬಳಿಸಿದರೆ ಅದು ಸಿಪ್ಪೆ ಏಳುತ್ತದೆ. ಮುಹೂರ್ತ ಬಿಡಲಾಗದಿದ್ದರೆ ಸುಣ್ಣದ ಗೋಡೆಯಲ್ಲೇ ಹಾಲು ಉಕ್ಕಿಸಿ, ಬಣ್ಣವನ್ನು ದೀಪಾವಳಿಯ ಹೊತ್ತಿಗೆ ಬಳಿಸಿಕೊಳ್ಳಿ. ಬಚ್ಚಲಿಗೆ ನೀರು ನಿಲ್ಲಿಸಿ ನೋಡುವುದು ಮಾತ್ರ ನೆಂಟರು ಬಂದಿಳಿಯುವ ಮೊದಲೇ ಮುಗಿದಿರಲಿ.