ಬಾಲ್ಯದ ಗೆಳೆತನದ ಕಿರುಚಿತ್ರ: ಕಥೆ ಹುಡುಕುವುದರಿಂದ ಕೊನೆಯ ದೃಶ್ಯದವರೆಗೆ

ಬಾಲ್ಯದ ಗೆಳೆತನವನ್ನು ಕುರಿತು ಒಂದು ಕಿರುಚಿತ್ರ ಮಾಡಬೇಕೆನ್ನುವ ಆಸೆ ಹುಬ್ಬಳ್ಳಿ-ಧಾರವಾಡದ ಅನೇಕ ಯುವಕ ಯುವತಿಯರಲ್ಲಿದೆ. ಅವರು ಬರೆದು ತಂದು ತೋರಿಸುವ ಚಿತ್ರಕಥೆಗಳಲ್ಲಿ ಹೆಚ್ಚಿನವು ಒಂದೇ ಬಗೆಯಲ್ಲಿ ಶುರುವಾಗುತ್ತವೆ: ಬೆಂಗಳೂರಿನಿಂದ ಊರಿಗೆ ಬಂದ ನಾಯಕ ತಾನು ಓದಿದ ಸಾಲಿಯ ಗೋಡೆಯನ್ನು ಸವರುತ್ತಾನೆ, ಅವನ ಕಣ್ಣು ತೇವವಾಗುತ್ತದೆ, ಹಿನ್ನೆಲೆಯಲ್ಲಿ ಕೊಳಲು ಕೇಳುತ್ತದೆ, ಅಲ್ಲಿಂದ ಕಥೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ನಾನು ಮಾಡಿದ ಮೊದಲ ಕಿರುಚಿತ್ರವೂ ಹೀಗೆಯೇ ಇತ್ತು. ಅದನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ ಹದಿನಾಲ್ಕು ನಿಮಿಷಗಳಲ್ಲಿ ಅವರು ಮುಂದಕ್ಕೆ ಬಾಗಿ ನೋಡಿದ್ದು ಒಂದೇ ಕಡೆ, ಇಬ್ಬರು ಹುಡುಗರು ಪೇರಲ ಗಿಡದ ಕೆಳಗೆ ನಿಂತು ಯಾರು ಹತ್ತಬೇಕೆಂದು ಜಗಳಾಡುವ ನಲವತ್ತು ಸೆಕೆಂಡುಗಳಲ್ಲಿ. ಆ ಮಧ್ಯಾಹ್ನ ನನಗೆ ಮನದಟ್ಟಾದ ಸಂಗತಿಯೇ ಈ ಬರಹಕ್ಕೆ ಆಧಾರ. ಕಳೆದುಹೋದ ದಿನಗಳ ಹಂಬಲ ದೊಡ್ಡವರದು. ತೆರೆಯ ಮೇಲಿರುವ ಹುಡುಗನಿಗೆ ತಾನು ಬಾಲ್ಯದಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮಾಡಿ ಮುಗಿಸಬೇಕಾದ ಒಂದು ಕೆಲಸ ಮಾತ್ರ ಅವನ ತಲೆಯಲ್ಲಿರುತ್ತದೆ. ಆ ಕೆಲಸ ಯಾವುದೆಂದು ಕಂಡುಕೊಳ್ಳುವವರೆಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ.

ಇರಾನಿನ ಅಬ್ಬಾಸ್ ಕಿಯರೊಸ್ತಮಿ 1987ರಲ್ಲಿ ಮಾಡಿದ, 'ಗೆಳೆಯನ ಮನೆ ಎಲ್ಲಿ?' ಎಂಬರ್ಥದ ಹೆಸರಿನ ಚಿತ್ರವನ್ನು ಬರೆಯುವ ಮುನ್ನ ಒಮ್ಮೆ ನೋಡಿರಿ. ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ ಕೈತಪ್ಪಿನಿಂದ ಒಬ್ಬ ಹುಡುಗನ ಜೊತೆ ಮನೆಗೆ ಬಂದುಬಿಟ್ಟಿದೆ. ಮರುದಿನ ಅದರಲ್ಲಿ ಮನೆಪಾಠ ಬರೆದು ತರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುವುದಾಗಿ ಮಾಸ್ತರರು ಹೇಳಿದ್ದಾರೆ. ಗೆಳೆಯ ಇರುವುದು ಗುಡ್ಡದಾಚೆಯ ಊರಿನಲ್ಲಿ, ಮನೆ ಯಾವುದೆಂದು ಗೊತ್ತಿಲ್ಲ. ಇಡೀ ಚಿತ್ರ ಇಷ್ಟರ ಮೇಲೆ ನಿಂತಿದೆ. ಗೆಳೆತನ ದೊಡ್ಡದೆಂದು ಅಲ್ಲಿ ಯಾರೂ ಹೇಳುವುದಿಲ್ಲ, ಹುಡುಗ ಓಡುತ್ತಾನೆ, ನಾವು ಅವನ ಹಿಂದೆ ಓಡುತ್ತೇವೆ.

ನಿಮ್ಮ ಕಥೆಯನ್ನು ಹುಡುಕಲು ಒಂದು ಹಾಳೆಯ ಮೇಲೆ, ನಿಮಗೆ ಹತ್ತು ವರ್ಷವಿದ್ದಾಗ ಜೀವಕ್ಕಿಂತ ಹೆಚ್ಚೆನಿಸಿದ ಹತ್ತು ವಸ್ತುಗಳ ಹೆಸರು ಬರೆಯಿರಿ. ಪ್ರೀತಿ, ಮುನಿಸು, ಒಂಟಿತನ ಮುಂತಾದ ಮಾತುಗಳನ್ನು ಹಾಳೆಯೊಳಗೆ ಬಿಟ್ಟುಕೊಳ್ಳಬೇಡಿ; ಮೊಳೆ ಸಡಿಲಾದ ಬುಗುರಿ, ಬಾಡಿಗೆಗೆ ತಂದ ಸೈಕಲ್ಲು, ಪಂಚಮಿಯ ಜೋಕಾಲಿಗೆ ಕದ್ದು ತಂದ ಹಗ್ಗ, ಗೆಳೆಯನ ಕಡೆಯಿಂದ ಇಸಿದುಕೊಂಡು ಕಳೆದ ಕಂಪಾಸ್ ಪೆಟ್ಟಿಗೆ, ಇಂಥವನ್ನು ಬರೆಯಿರಿ. ಆಮೇಲೆ ಪ್ರತಿಯೊಂದರ ಮುಂದೆ, ಅದಕ್ಕಾಗಿ ನೀವು ಯಾರಿಗೆ ಯಾವ ಸುಳ್ಳು ಹೇಳಿದಿರಿ ಎಂದು ಬರೆಯಿರಿ. ಕಥೆ ಸಾಮಾನ್ಯವಾಗಿ ಆ ಸುಳ್ಳಿನ ಹತ್ತಿರ ಸಿಕ್ಕುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಹಳೇ ಹುಬ್ಬಳ್ಳಿಯ ಒಂದು ಓಣಿ, ಹೋಳಿ ಹುಣ್ಣಿಮೆಯ ನಂತರದ ದಿನಗಳು. ಹುಬ್ಬಳ್ಳಿಯಲ್ಲಿ ಬಣ್ಣದಾಟ ಐದನೆಯ ದಿನದ ರಂಗಪಂಚಮಿಗೆ. ಅಲ್ಲಿಯವರೆಗೆ ಸಂಜೆಯಾದರೆ ಹಲಗಿಯ ಸದ್ದು, ಹುಡುಗರಿಗೆ ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು (ಸಗಣಿಯ ಬೆರಣಿ) ಕೂಡಿಹಾಕುವ ಉಮೇದು. ಬಸು ಮತ್ತು ಮೈಲಾರಿ ಜೀವದ ದೋಸ್ತರು, ಇಬ್ಬರಿಗೂ ಹನ್ನೊಂದು ವರ್ಷ. ಕೆಳಗಿನ ಓಣಿಯವರ ರಾಶಿ ತಮ್ಮ ರಾಶಿಗಿಂತ ಎತ್ತರವಾಗಿದೆ, ಇನ್ನು ಒಂದೇ ರಾತ್ರಿ ಉಳಿದಿದೆ. ಬಸು ಒಂದು ಹಿತ್ತಲಿನ ಗೋಡೆಯಾಚೆ ಒಟ್ಟಿಟ್ಟ ಕುಳ್ಳಿನ ರಾಶಿಯನ್ನು ತೋರಿಸುತ್ತಾನೆ. ಅದು ಮೈಲಾರಿಯ ಅವ್ವ ತಟ್ಟಿ, ಒಣಗಿಸಿ, ಮಾರಲು ಇಟ್ಟುಕೊಂಡದ್ದು. ತನ್ನ ಅವ್ವ ಕುಳ್ಳು ಮಾರುತ್ತಾಳೆಂದು ಮೈಲಾರಿ ಗೆಳೆಯನಿಗೆ ಎಂದೂ ಹೇಳಿಲ್ಲ. ಈಗಲೂ ಹೇಳುವುದಿಲ್ಲ. ತನ್ನ ಮನೆಯ ಕುಳ್ಳನ್ನು ತಾನೇ ಕದ್ದು, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾನೆ.

ಈ ಗುಟ್ಟು ಬಸುವಿಗೆ ಗೊತ್ತಾಗುವ ಬಗೆಯೇ ಚಿತ್ರದ ಪ್ರಾಣ. ಯಾರೋ ಕಾಕಾ ಬಂದು ಹೇಳಿದರೆ ಕಥೆ ಸತ್ತುಹೋಗುತ್ತದೆ. ಕುಳ್ಳನ್ನು ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ತಟ್ಟಿದವರ ಬೆರಳುಗಳು ಮೂಡಿರುತ್ತವೆ. ದೊಡ್ಡ ಕೈಯ ಗುರುತುಗಳ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಕೈಯ ಗುರುತಿದೆ, ಅದರ ಕಿರುಬೆರಳು ಸೊಟ್ಟಗಿದೆ. ಮೈಲಾರಿಯ ಕಿರುಬೆರಳು ಸೊಟ್ಟಗಿರುವುದನ್ನು ಮೊದಲ ದೃಶ್ಯದಲ್ಲಿ, ಗೋಲಿ ಆಡುವಾಗ, ನಾವು ನೋಡಿರುತ್ತೇವೆ. ಬಸು ರಾಶಿಗೆ ಕುಳ್ಳು ಒಗೆಯುತ್ತಿರುವಾಗ ಬ್ಯಾಟರಿಯ ಬೆಳಕು ಆ ಗುರುತಿನ ಮೇಲೆ ಬೀಳುತ್ತದೆ, ಅವನ ಕೈ ನಿಲ್ಲುತ್ತದೆ, ಅವನು ಗೆಳೆಯನ ಮುಖ ನೋಡುವುದಿಲ್ಲ. ಹುಡುಗ ಒಂದು ರಾತ್ರಿಯಲ್ಲಿ ದೊಡ್ಡವನಾಗುವುದೆಂದರೆ ಇದೇ ಎಂದು ನಾನು ನಂಬುತ್ತೇನೆ: ಅವನಿಗೆ ತಿಳಿಯುತ್ತದೆ, ತಿಳಿದದ್ದನ್ನು ಅವನು ಆಡುವುದಿಲ್ಲ.

ಇಬ್ಬರು ಗೆಳೆಯರನ್ನು ಎಲ್ಲದರಲ್ಲೂ ಸರಿಸಮಾನರನ್ನಾಗಿ ಬರೆದರೆ ಇಂಥ ಗಳಿಗೆ ಹುಟ್ಟುವುದಿಲ್ಲ. ನಮ್ಮ ಊರುಗಳಲ್ಲಿ ಮಕ್ಕಳು ಬೀದಿಯಲ್ಲಿ ಒಂದಾಗಿ ಆಡುತ್ತಾರೆ, ಮನೆಯ ಹೊಸ್ತಿಲ ಹತ್ತಿರ ಬೇರೆಯಾಗುತ್ತಾರೆ. ಒಬ್ಬನಿಗೆ ಅಡುಗೆಮನೆಯವರೆಗೆ ಪ್ರವೇಶವಿರುತ್ತದೆ, ಇನ್ನೊಬ್ಬನಿಗೆ ನೀರು ಕಟ್ಟೆಯ ಮೇಲೆಯೇ ಬರುತ್ತದೆ. ಜಾತಿ, ಹಣ, ಅಪ್ಪನ ಕುಡಿತ, ತಂಗಿಯನ್ನು ನೋಡಿಕೊಳ್ಳಲು ಶಾಲೆ ತಪ್ಪಿಸುವ ಅಕ್ಕ, ಇವೆಲ್ಲ ಮಕ್ಕಳಿಗೆ ಗೊತ್ತಿರುವ ಸತ್ಯಗಳೇ. ಇವನ್ನು ಮರೆಮಾಚಿ ಬರೆದ ಗೆಳೆತನ ಕ್ಯಾಲೆಂಡರಿನ ಚಿತ್ರದಂತಾಗುತ್ತದೆ. ಹಾಗೆಂದು ಒಬ್ಬನನ್ನು ದುಷ್ಟನನ್ನಾಗಿಸುವ ಅಗತ್ಯವೂ ಇಲ್ಲ, ಮೇಲಿನ ಕಥೆಯಲ್ಲಿ ಯಾರೂ ಕೆಟ್ಟವರಲ್ಲ ಎಂಬುದನ್ನು ಗಮನಿಸಿರಿ. ಇಬ್ಬರೂ ಹುಡುಗಿಯರಾಗಿದ್ದರೆ ಕಥೆ ಬೇರೆಯಾಗುತ್ತದೆ, ಏಕೆಂದರೆ ಕತ್ತಲಾದ ಮೇಲೆ ಹೊರಗಿರುವುದಕ್ಕೆ ಅವರು ಬೇರೆಯೇ ಸುಳ್ಳು ಹೇಳಬೇಕಾಗುತ್ತದೆ. ಅಂಥ ಕಥೆಗಳನ್ನು ನಮ್ಮ ಭಾಗದಲ್ಲಿ ಇನ್ನೂ ಹೆಚ್ಚು ಜನ ಬರೆಯಬೇಕಾಗಿದೆ.

ಮಾತುಗಳನ್ನು ಅಚ್ಚುಕಟ್ಟಾಗಿ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ. ದೃಶ್ಯದಲ್ಲಿ ಏನಾಗಬೇಕೆಂಬುದನ್ನಷ್ಟೇ ಹೇಳಿ, ಮಾತು ಅವರ ಬಾಯಿಂದಲೇ ಬರಲಿ. ನಾನು ಬರೆದಿದ್ದ "ನೀನೇಕೆ ಮೌನವಾಗಿದ್ದೀಯೆ?" ಎಂಬ ಮಾತನ್ನು ಒಬ್ಬ ಹುಡುಗ "ಯಾಕಲೇ, ಬಾಯಾಗ ಏನ್ ಇಟ್ಗೊಂಡಿ?" ಎಂದು ಬದಲಿಸಿದ, ಎದುರಿನವನು "ಏನಿಲ್ಲ ಬಿಡಲೇ" ಎಂದು ಮುಖ ತಿರುಗಿಸಿದ. ಅದಕ್ಕಿಂತ ಹೆಚ್ಚಿನದು ಆ ದೃಶ್ಯಕ್ಕೆ ಬೇಕಾಗಿರಲಿಲ್ಲ. ಹಾವೇರಿಯ ಹುಡುಗನಿಂದ ಧಾರವಾಡದ ಮಾತನ್ನು ಆಡಿಸುವ ಪ್ರಯತ್ನವನ್ನೂ ಮಾಡಬೇಡಿ. ಅವನ ಮಾತು ಅವನ ಊರಿನದೇ ಆಗಿರಲಿ, ಕಥೆಯನ್ನೇ ಆ ಊರಿಗೆ ಕೊಂಡೊಯ್ಯಿರಿ.

ಮಕ್ಕಳನ್ನು ಆರಿಸುವಾಗ ಒಬ್ಬೊಬ್ಬರನ್ನೇ ಕರೆದು ನಟನೆ ಮಾಡಿಸಿ ನೋಡುವ ಬದಲು, ಈಗಾಗಲೇ ಗೆಳೆಯರಾಗಿರುವ ಇಬ್ಬರನ್ನು ಹುಡುಕಿರಿ. ಸಾಲಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಾಲ್ಕು ದಿನ ನಿಂತರೆ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ಬರುವ ಜೋಡಿಗಳು ಕಣ್ಣಿಗೆ ಬೀಳುತ್ತವೆ. ಮುಂದಿನ ಮಾತು ಮುಖ್ಯ ಗುರುಗಳೊಂದಿಗೆ ಮತ್ತು ಮಕ್ಕಳ ತಾಯಿ ತಂದೆಯರೊಂದಿಗೆ. ರಂಗಶಿಬಿರಗಳಲ್ಲಿ ಪಳಗಿದ ಮಕ್ಕಳು ಧೈರ್ಯವಂತರು, ಆದರೆ ಅವರ ಧ್ವನಿ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸಲೆಂದು ರೂಢಿಯಾಗಿರುತ್ತದೆ, ಅದನ್ನು ಇಳಿಸಲು ಕೆಲವು ದಿನಗಳು ಬೇಕು. ಗೆಳೆಯರಲ್ಲದ ಮಕ್ಕಳನ್ನೇ ಸೇರಿಸಬೇಕಾದರೆ ಮೊದಲು ಅವರಿಗೆ ಒಟ್ಟಿಗೆ ಆಡಲು ಸಮಯ ಕೊಡಿ. 1986ರ 'ಸ್ಟ್ಯಾಂಡ್ ಬೈ ಮಿ' ಚಿತ್ರಕ್ಕಾಗಿ ನಿರ್ದೇಶಕ ರಾಬ್ ರೈನರ್ ನಾಲ್ವರು ಹುಡುಗರನ್ನು ಚಿತ್ರೀಕರಣಕ್ಕೆ ಮುನ್ನ ಒಟ್ಟಿಗೆ ಕಲೆಹಾಕಿ ರಂಗಾಟಗಳನ್ನು ಆಡಿಸಿದ್ದರು. ತೆರೆಯ ಮೇಲೆ ಅವರು ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವ ಸಲಿಗೆಗೆ ಆ ದಿನಗಳೂ ಕಾರಣ. ನಮಗೆ ಲಗೋರಿ, ಚಿಣಿಫಣಿ ಸಾಕು.

ಇನ್ನು ಕಾನೂನಿನ ಮಾತು. ಮಕ್ಕಳನ್ನು ದೃಶ್ಯಮಾಧ್ಯಮದಲ್ಲಿ ಬಳಸಿಕೊಳ್ಳಲು 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳು ಅನ್ವಯಿಸುತ್ತವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯವರ ಅನುಮತಿಯನ್ನು ಮೊದಲೇ ಪಡೆಯಬೇಕು. ಮಗುವಿನಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಇರಬೇಕು, ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಸಣ್ಣ ಚಿತ್ರವೆಂದು ಇದನ್ನು ಬದಿಗೆ ಸರಿಸಬೇಡಿ, ನಮ್ಮನ್ನು ನಂಬಿ ಮಗುವನ್ನು ಕಳುಹಿಸಿದ ತಾಯಿಗೆ ನಾವು ಕೊಡುವ ಮೊದಲ ಗೌರವ ಅದು. ನನ್ನ ಉದಾಹರಣೆಯಂತೆ ಕಥೆಯಲ್ಲಿ ಬೆಂಕಿಯಿದ್ದರೆ, ಉರಿಯನ್ನು ಒಂದು ದಿನ ಮಕ್ಕಳಿಲ್ಲದೆ ಚಿತ್ರಿಸಿ, ಮಕ್ಕಳ ಮುಖಗಳನ್ನು ಇನ್ನೊಂದು ದಿನ ಕೆಂಬಣ್ಣದ ದೀಪದ ಮುಂದೆ ಚಿತ್ರಿಸಿ. ಸಂಕಲನದಲ್ಲಿ ಎರಡೂ ಒಂದಾಗುತ್ತವೆ.

ಉಪಕರಣದ ಚಿಂತೆ ಬೇಡ. ಅಸ್ಸಾಮಿನ ರೀಮಾ ದಾಸ್ 2017ರ 'ವಿಲೇಜ್ ರಾಕ್‌ಸ್ಟಾರ್ಸ್' ಚಿತ್ರವನ್ನು ತಮ್ಮ ಊರಿನಲ್ಲಿ, ಊರಿನ ಮಕ್ಕಳೊಂದಿಗೆ, ತಾವೇ ಕ್ಯಾಮೆರಾ ಹಿಡಿದು ಚಿತ್ರಿಸಿ, ತಾವೇ ಸಂಕಲನ ಮಾಡಿದರು. ಅದಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ನಿಮ್ಮ ಮೊಬೈಲಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟುಕೊಳ್ಳಿ, ಏಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅದಕ್ಕೆ ಹೊಂದದ ವೇಗದಲ್ಲಿ ಟ್ಯೂಬ್‌ಲೈಟಿನ ಬೆಳಕು ಮಿಣುಕಬಹುದು. ಕ್ಯಾಮೆರಾವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಿ, ದೊಡ್ಡವರು ಸೊಂಟದಿಂದ ಮೇಲೆ ಚೌಕಟ್ಟಿನ ಹೊರಗೆ ಉಳಿದರೂ ಚಿಂತೆಯಿಲ್ಲ. ಹಣವಿದ್ದರೆ ಅದನ್ನು ಧ್ವನಿಗೆ ಖರ್ಚುಮಾಡಿ; ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಚಿತ್ರಿಸುವವರಂತೂ ಮೈಕಿಗೆ ತುಪ್ಪಳದ ಕವಚವಿಲ್ಲದೆ ಹೊರಡಬಾರದು, ಅಲ್ಲಿನ ಗಾಳಿ ಮಾತನ್ನೆಲ್ಲ ನುಂಗುತ್ತದೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಬ್ಬರು ಗೆಳೆಯರನ್ನು ಅಗಲಿಸುವ ಆಸೆ ಬಹಳ ಜನರಿಗಿದೆ. ಅದಕ್ಕೆ ರೈಲ್ವೆಯ ಪೂರ್ವಾನುಮತಿ ಬೇಕು, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಊರಲ್ಲೇ ಇದೆ. ಆದರೆ ಹೊರಡುವ ರೈಲಿನ ಹಿಂದೆ ಓಡುವ ಹುಡುಗನನ್ನು ನಾವು ಸಾಕಷ್ಟು ನೋಡಿದ್ದೇವೆ. ಅಗಲಿಕೆಯೇ ಬೇಕಿದ್ದರೆ ದಸರೆಯ ಬನ್ನಿಯನ್ನು ಯೋಚಿಸಿ: ಮಾತುಬಿಟ್ಟವರೂ ಆ ಸಂಜೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಎನ್ನಬೇಕು. ಒಬ್ಬ ಹುಡುಗಿ ಬನ್ನಿ ಹಿಡಿದು ಗೆಳತಿಯ ಬಾಗಿಲಿಗೆ ಬಂದಾಗ ಅಲ್ಲಿ ಬೀಗ ಬಿದ್ದಿದ್ದರೆ ಸಾಕು.

ಸಂಕಲನದ ಮೊದಲ ಕರಡು ಮುಗಿದಾಗ ಅದನ್ನು ನಿಮ್ಮ ಗೆಳೆಯರಿಗಿಂತ ಮೊದಲು ಹತ್ತು ಮಕ್ಕಳಿಗೆ ತೋರಿಸಿ, ನೀವು ಪರದೆಗೆ ಬೆನ್ನುಮಾಡಿ ಮಕ್ಕಳ ಮುಖ ನೋಡುತ್ತ ಕೂಡಿ. ಅವರು ಪಕ್ಕದವರ ಕಡೆ ತಿರುಗಿದ ಪ್ರತಿ ಗಳಿಗೆಯನ್ನೂ ಬರೆದುಕೊಳ್ಳಿ. ಅಲ್ಲೆಲ್ಲ ನಿಮ್ಮ ಹಂಬಲ ಕಥೆಯೊಳಗೆ ನುಗ್ಗಿರುತ್ತದೆ, ಕತ್ತರಿ ಅಲ್ಲಿ ಬೀಳಬೇಕು.

ಬಸು ಮತ್ತು ಮೈಲಾರಿಯ ಚಿತ್ರವನ್ನು ನಾನಾದರೆ ಹೀಗೆ ಮುಗಿಸುತ್ತೇನೆ. ರಂಗಪಂಚಮಿಯ ಮರುದಿನ ಬೆಳಿಗ್ಗೆ, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುವ ಬಸು ಒಂದು ಬುಟ್ಟಿ ಸಗಣಿ ಹೊತ್ತು ಮೈಲಾರಿಯ ಹಿತ್ತಲಿಗೆ ಬರುತ್ತಾನೆ. ಮೈಲಾರಿ ಅವ್ವನ ಪಕ್ಕದಲ್ಲಿ ಗೋಡೆಗೆ ಕುಳ್ಳು ತಟ್ಟುತ್ತಿದ್ದಾನೆ. ಅವನು ತಿರುಗಿ ನೋಡುತ್ತಾನೆ, ಏನೂ ಕೇಳದೆ ಸ್ವಲ್ಪ ಸರಿದು ಜಾಗ ಮಾಡುತ್ತಾನೆ. ಬಸು ತಟ್ಟಿದ ಮೊದಲ ಕುಳ್ಳು ಗೋಡೆಗೆ ಹಿಡಿಯದೆ ಕೆಳಗೆ ಬೀಳುತ್ತದೆ, ಎರಡನೆಯದು ನಿಲ್ಲುತ್ತದೆ. ಅವನು ಕೈ ತೆಗೆದಾಗ ಅದರ ಮೇಲೆ ಐದೂ ಬೆರಳು ನೆಟ್ಟಗಿರುವ ಒಂದು ಸಣ್ಣ ಗುರುತು ಉಳಿಯುತ್ತದೆ. ಅಲ್ಲಿ ಕಟ್ ಮಾಡಿ, ಸಂಗೀತ ಹಾಕಬೇಡಿ.