ಇನೊಟುಜುಮ್ಯಾಬ್ ಇಂಜೆಕ್ಷನ್: ಮುಂಬಯಿಯಲ್ಲಿ ರೋಗಿಯ ಜೊತೆಗಿರುವವರು ಮಾಡಬೇಕಾದ್ದು

ಬಿ-ಸೆಲ್ ಎಎಲ್‌ಎಲ್ ಎಂಬ ಬ್ಲಡ್ ಕ್ಯಾನ್ಸರ್ ಕೀಮೋಗೆ ಬಗ್ಗದಿದ್ದಾಗ ಅಥವಾ ಮರುಕಳಿಸಿದಾಗ ಡಾಕ್ಟರು ಇನೊಟುಜುಮ್ಯಾಬ್ ಓಜೋಗಮೈಸಿನ್ ಬರೆದುಕೊಡುವುದುಂಟು. ಇದರ ಬ್ರ್ಯಾಂಡ್ ಹೆಸರು ಬೆಸ್ಪೋನ್ಸಾ. ಸಿಡಿ22 ಎಂಬ ಪ್ರೋಟೀನ್ ಇರುವ ಕಣವನ್ನು ಹುಡುಕಿ ಹಿಡಿಯುವ ಆಂಟಿಬಾಡಿಗೆ ಕ್ಯಾಲಿಕಿಯಾಮೈಸಿನ್ ಎಂಬ ವಿಷವನ್ನು ಕಟ್ಟಿರುತ್ತಾರೆ. ಕಣದ ಒಳಗೆ ಹೋದ ಮೇಲೆ ಆ ವಿಷ ಬಿಡಿಸಿಕೊಂಡು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಫ್ಲೋ ಸೈಟೋಮೆಟ್ರಿ ಎಂಬ ಕಣಗಳ ಪರೀಕ್ಷೆಯಲ್ಲಿ ಸಿಡಿ22 ಪಾಸಿಟಿವ್ ಬಂದವರಿಗಷ್ಟೇ ಈ ಮದ್ದು. ಊರಿನಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬರುವವರು ರಿಪೋರ್ಟಿನ ಜೊತೆ ಬೋನ್ ಮ್ಯಾರೋ ಸ್ಲೈಡುಗಳನ್ನೂ ತನ್ನಿ.

ಡೋಸಿನ ಲೆಕ್ಕ ತಿಳಿದಿದ್ದರೆ ಖರ್ಚಿನ ಲೆಕ್ಕವೂ ಸಿಗುತ್ತದೆ. ಮೊದಲ ಸೈಕಲ್, ಅಂದರೆ ಚಿಕಿತ್ಸೆಯ ಮೊದಲ ಸುತ್ತು, 21 ದಿನ. 1ನೇ ದಿನ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 0.8 ಮಿ.ಗ್ರಾಂ, 8 ಮತ್ತು 15ನೇ ದಿನ 0.5. ಮೇಲ್ಮೈ 1.6 ಚದರ ಮೀಟರ್ ಇರುವವರಿಗೆ ಮೊದಲ ದಿನ 1.28 ಮಿ.ಗ್ರಾಂ ಬೇಕು. ಒಂದು ವಯಲಿನಲ್ಲಿ, ಅಂದರೆ ಮದ್ದಿನ ಸಣ್ಣ ಬಾಟಲಿಯಲ್ಲಿ, ಇರುವುದು 0.9 ಮಿ.ಗ್ರಾಂ, ಹಾಗಾಗಿ ಎರಡು ವಯಲ್. ಉಳಿದೆರಡು ದಿನ ಒಂದೊಂದು ಸಾಕು. ಒಟ್ಟು ನಾಲ್ಕು. ರೋಗ ಹಿಡಿತಕ್ಕೆ ಬಂದರೆ ಮುಂದಿನ ಸೈಕಲಿನ ಮೂರೂ ದಿನ 0.5ರಂತೆ ಕೊಡುತ್ತಾರೆ. ರಕ್ತದಲ್ಲಿ ಬ್ಲಾಸ್ಟ್ ಎಂಬ ಕ್ಯಾನ್ಸರ್ ಕಣಗಳು ಪ್ರತಿ ಮೈಕ್ರೋಲೀಟರಿಗೆ 10,000ಕ್ಕಿಂತ ಹೆಚ್ಚಿದ್ದರೆ ಮೊದಲು ಬೇರೆ ಮದ್ದಿನಿಂದ ಇಳಿಸುತ್ತಾರೆ. ಇಂಜೆಕ್ಷನ್ ಮುಂದೆ ಹೋಯಿತೆಂದು ಗಾಬರಿಯಾಗಬೇಡಿ.

ವಯಲನ್ನು ನೀವೇ ಹೊರಗಿನಿಂದ ತರಬೇಕಾದರೆ ಐಸ್‌ಬಾಕ್ಸ್ ಇಲ್ಲದೆ ಹೊರಡಬೇಡಿ. 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಜೆಲ್ ಪ್ಯಾಕಿಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಸುತ್ತಿಡಿ. ಬೆಳಕು ಬಿದ್ದರೂ ಕೆಡುತ್ತದೆ, ರಟ್ಟಿನ ಡಬ್ಬಿ ತೆಗೆಯಬೇಡಿ. ವಾರ್ಡಿನಲ್ಲಿ ವಯಲಿಗೆ 4 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸುತ್ತಾರೆ. ಬೇಕಾದಷ್ಟನ್ನು ಎಳೆದು ಸಲೈನ್ ಸೇರಿಸಿ 50 ಮಿ.ಲೀ. ಮಾಡಿ ಒಂದು ಗಂಟೆಯಲ್ಲಿ ಏರಿಸುತ್ತಾರೆ. ಮೊದಲೇ ಸ್ಟೀರಾಯ್ಡ್, ಪ್ಯಾರಾಸಿಟಮಾಲ್, ಅಲರ್ಜಿ ಮದ್ದು ಕೊಟ್ಟಿರುತ್ತಾರೆ. ಮುಗಿದ ಮೇಲೂ ಒಂದು ಗಂಟೆ ಕೂರಲೇಬೇಕು. ಚಳಿ, ದದ್ದು, ಉಸಿರುಗಟ್ಟುವಿಕೆ ಕಂಡರೆ ತಕ್ಷಣ ಸಿಸ್ಟರನ್ನು ಕರೆಯಿರಿ.

ನಿಜವಾದ ಅಪಾಯ ಲಿವರಿನದು. ಕ್ಯಾಲಿಕಿಯಾಮೈಸಿನ್ ಲಿವರಿನ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸಿ ಹರಿವನ್ನು ಕಟ್ಟಿಹಾಕಬಹುದು. ಡಾಕ್ಟರು ಇದನ್ನು ವಿಒಡಿ ಎನ್ನುತ್ತಾರೆ. ಪರವಾನಗಿಗೆ ಆಧಾರವಾದ ಪ್ರಯೋಗದಲ್ಲಿ ಮದ್ದು ಪಡೆದ 164 ಮಂದಿಯಲ್ಲಿ 23 ಮಂದಿಗೆ ಇದು ಬಂತು. ಕಾಮಾಲೆ ಕಣ್ಣಿಗೆ ಬೀಳುವ ಮುಂಚೆಯೇ ಮೈಯಲ್ಲಿ ನೀರು ತುಂಬಿ ತೂಕ ಏರುತ್ತಿರಬಹುದು. ಆದ್ದರಿಂದ ದಿನವೂ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ಬಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದರೂ ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡುಕೊಳ್ಳಿ. ಈ ಹಂತದಲ್ಲಿ ಅದರಷ್ಟು ಉಪಯುಕ್ತ ವಸ್ತು ಇನ್ನೊಂದಿಲ್ಲ. 60 ಕಿಲೋದವರು 3 ಕಿಲೋ ಏರುವವರೆಗೆ ಕಾಯುವುದು ಬೇಡ, ಎರಡು ದಿನದಲ್ಲಿ ಒಂದು ಕಿಲೋ ಹೆಚ್ಚಿದರೂ ಫೋನ್ ಮಾಡಿ. ಬಲ ಪಕ್ಕೆಯ ಕೆಳಗೆ ನೋವು, ಹೊಟ್ಟೆ ಉಬ್ಬರ, ಗಾಢ ಬಣ್ಣದ ಮೂತ್ರ ಇದ್ದರೆ ಅಂದೇ ಹೋಗಿ. ವಿಒಡಿಗೆ ಡಿಫೈಬ್ರೋಟೈಡ್ ಎಂಬ ಮದ್ದಿದೆ, ಆದರೆ ಬೇಗ ಶುರುವಾದರಷ್ಟೇ ಹೆಚ್ಚು ಫಲ.

ಪ್ರತಿ ಡೋಸಿಗೂ ಮುನ್ನ ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಗಳನ್ನು ನೋಡುತ್ತಾರೆ. ಆ ರಿಪೋರ್ಟು ಕೆಡದಿರಲಿ ಎಂದಾದರೆ ಅಮೃತಬಳ್ಳಿ ಕಷಾಯ, ಊರಿನಿಂದ ಬಂದ ಲೇಹ್ಯ, ಮದ್ಯ ಎಲ್ಲವನ್ನೂ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ಹಾನಿ ಕಂಡದ್ದನ್ನು ವರದಿ ಮಾಡಿದವರು ಮುಂಬಯಿಯ ವೈದ್ಯರೇ. ಅಜ್ಜಿಯ ಕೈಮದ್ದಿಗೆ ಬೇಡ ಎನ್ನುವುದು ಕಷ್ಟ, ಆದರೂ ಹೇಳಿ.

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ. ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ, ಮಾತ್ರೆ ಜ್ವರವನ್ನಷ್ಟೇ ಮುಚ್ಚುತ್ತದೆ. ಮಳೆಗಾಲದಲ್ಲಿ ಪರೇಲ್ ಹತ್ತಿರದ ಹಿಂದ್‌ಮಾತಾದಲ್ಲಿ ನೀರು ನಿಂತು ಲೋಕಲ್ ರೈಲು ಬಂದ್ ಆದರೆ ಡೊಂಬಿವಲಿಯಿಂದ ಪರೇಲ್ ತಲುಪಲಾಗದು. ರಾತ್ರಿ ಹೋಗಬಹುದಾದ ಹತ್ತಿರದ ಆಸ್ಪತ್ರೆ ಯಾವುದೆಂದು ಡಾಕ್ಟರನ್ನು ಮೊದಲೇ ಕೇಳಿ, ಡಿಸ್ಚಾರ್ಜ್ ಸಾರಾಂಶದ ಪ್ರತಿ ಸಿದ್ಧವಾಗಿಟ್ಟುಕೊಳ್ಳಿ.

ಬೋನ್ ಮ್ಯಾರೋ ಕಸಿ ಮಾಡುವ ಉದ್ದೇಶವಿದ್ದರೆ ಸಾಮಾನ್ಯವಾಗಿ ಎರಡೇ ಸೈಕಲ್, ಏಕೆಂದರೆ ಕಸಿಯ ನಂತರ ವಿಒಡಿ ಭಯ ಇನ್ನೂ ಹೆಚ್ಚು. ಆ ಅವಧಿ ಎರಡು ತಿಂಗಳೊಳಗೆ ಮುಗಿಯುತ್ತದೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವ ಅಣ್ಣ, ತಂಗಿಯರ ಮ್ಯಾರೋ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಯನ್ನು ಮೊದಲ ಇಂಜೆಕ್ಷನಿನ ವಾರವೇ ಮಾಡಿಸಿಬಿಡಿ.