ಒಂದು ಬುಟ್ಟಿ ಮುಗಿಯಲಿ, ಆಮೇಲೆ ಇನ್ನೊಂದು: ಫ್ಲಶಿಂಗ್‌ನಲ್ಲಿ ಸೂಪ್ ಡಂಪ್ಲಿಂಗ್ ತಿನ್ನುವ ನನ್ನ ಕ್ರಮ

ಸೂಪ್ ಡಂಪ್ಲಿಂಗ್ ಎಂದರೆ ಒಳಗೆ ಹಂದಿಮಾಂಸದ ಹೂರಣವೂ ಬಿಸಿ ಸಾರೂ ಇರುವ, ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಬೇಯಿಸಿದ ಚೀನೀ ಕಡುಬು. ಅದನ್ನು ತಿನ್ನಲು ಕುಳಿತಾಗ ಮೇಜಿನಲ್ಲಿ ಎಷ್ಟೇ ಜನರಿರಲಿ, ನಾನು ಎಲ್ಲ ಬುಟ್ಟಿಗಳನ್ನೂ ಒಟ್ಟಿಗೆ ತರಿಸುವುದಿಲ್ಲ. ಇಬ್ಬರಿಗೆ ಒಂದು ಬುಟ್ಟಿ ಹೇಳುತ್ತೇನೆ. ಅದರಲ್ಲಿ ಒಂದೆರಡು ಉಳಿದಿರುವಾಗ ಮುಂದಿನದನ್ನು ಹೇಳುತ್ತೇನೆ. ಬಡಿಸುವವರಿಗೆ ಇದರಿಂದ ಓಡಾಟ ಹೆಚ್ಚು ಎಂಬುದು ಗೊತ್ತು, ಅದಕ್ಕೆ ತಕ್ಕ ಟಿಪ್ಸ್ ಇಟ್ಟೇ ಏಳುತ್ತೇನೆ. ಆದರೆ ಈ ಕ್ರಮವನ್ನು ಮಾತ್ರ ಬಿಡುವುದಿಲ್ಲ. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದ ಮೇಲೆ ಈ ತಿಂಡಿಗೆ ಉಳಿಯುವುದು ಕೆಲವೇ ನಿಮಿಷಗಳ ಆಯುಷ್ಯ. ಆರಿದರೆ ಹೊರಗಿನ ಪದರ ಬಿರುಸಾಗುತ್ತದೆ, ಒಳಗಿನ ರಸವನ್ನು ತಾನೇ ಹೀರಿಕೊಳ್ಳುತ್ತದೆ, ತಳ ಬುಟ್ಟಿಯಲ್ಲಿ ಕೆಳಗೆ ಹಾಸಿದ್ದಕ್ಕೆ ಅಂಟಿಕೊಂಡು ಎತ್ತುವಾಗ ಹರಿಯುತ್ತದೆ. ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಡೆದ ಕೆಲಸ ಬುಟ್ಟಿಯ ತಳದಲ್ಲಿ ಸೋರಿಹೋಗುವುದನ್ನು ನನ್ನಿಂದ ನೋಡಲಾಗದು.

ನನ್ನ ಊರು ವಿರಾಜಪೇಟೆಯ ಹತ್ತಿರ. ಈಗ ಇರುವುದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ. ಇಲ್ಲಿನ 7ನೇ ಸಂಖ್ಯೆಯ ಸಬ್‌ವೇ ರೈಲು ಕೊನೆಗೆ ನಿಲ್ಲುವುದು ಫ್ಲಶಿಂಗ್‌ನ ಮೇನ್ ಸ್ಟ್ರೀಟಿನಲ್ಲಿ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಸುತ್ತಲೂ ಚೀನೀ ಬರಹದ ಫಲಕಗಳು, ಹಣ್ಣಿನ ಅಂಗಡಿಗಳು, ಗಾಜಿನ ಹಿಂದೆ ತೂಗುಹಾಕಿದ ಹುರಿದ ಬಾತುಕೋಳಿಗಳು. ನ್ಯೂಯಾರ್ಕಿನ ಜನಕ್ಕೆ ಸೂಪ್ ಡಂಪ್ಲಿಂಗ್‌ನ ಹುಚ್ಚು ಹಿಡಿಸಿದ ಜೋಸ್ ಶಾಂಘೈ ಹೋಟೆಲು ಆರಂಭವಾದದ್ದು ಇದೇ ಬಡಾವಣೆಯಲ್ಲಿ, 1990ರ ದಶಕದ ಮಧ್ಯದಲ್ಲಿ. ನಾನ್ ಶಿಯಾಂಗ್ ಎಂಬ ಇನ್ನೊಂದು ಹೆಸರುವಾಸಿ ಹೋಟೆಲು 2006ರಲ್ಲಿ ಬಂತು. ಆ ಹೆಸರು ಬಂದಿರುವುದು ಶಾಂಘೈ ಹೊರವಲಯದ ನಾನ್‌ಶಿಯಾಂಗ್ ಪಟ್ಟಣದಿಂದ. 1870ರ ದಶಕದಲ್ಲಿ ಹುವಾಂಗ್ ಮಿಂಗ್‌ಶಿಯಾನ್ ಎಂಬ ವ್ಯಾಪಾರಿ ಈ ತಿಂಡಿಗೆ ಇಂದಿನ ರೂಪ ಕೊಟ್ಟದ್ದು ಅಲ್ಲಿಯೇ ಎಂದು ಹೇಳುತ್ತಾರೆ. ಚೀನೀಯರು ಇದನ್ನು ಕರೆಯುವುದು ಶಿಯಾವ್‌ಲಾಂಗ್‌ಬಾವ್ ಎಂದು.

ಒಳಗೆ ಸೂಪು ಹೇಗೆ ಹೋಯಿತು ಎಂದು ಮೊದಲ ಸಲ ಬಂದವರೆಲ್ಲ ಕೇಳುತ್ತಾರೆ. ಅದನ್ನು ಸೂಪಾಗಿ ಯಾರೂ ತುಂಬುವುದಿಲ್ಲ. ಹಂದಿಯ ಚರ್ಮವನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಅದರಲ್ಲಿರುವ ಕೊಲಾಜೆನ್ ನೀರಿಗೆ ಬಿಟ್ಟುಕೊಂಡು ಜೆಲಟಿನ್ ಆಗುತ್ತದೆ. ಆ ಸಾರನ್ನು ಸೋಸಿ ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅದನ್ನು ಸಣ್ಣಗೆ ಕೊಚ್ಚಿ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್, ಅಕ್ಕಿಯ ವೈನ್ ಬೆರೆಸಿದ ಹಂದಿಯ ಖೀಮಾದೊಂದಿಗೆ ಕಲಸಿದರೆ ಹೂರಣ ಸಿದ್ಧ. ಗೋಧಿ ಹಿಟ್ಟಿನ ಕಣಕವನ್ನು ನಡುವೆ ತುಸು ದಪ್ಪ, ಅಂಚಿನಲ್ಲಿ ತೆಳ್ಳಗೆ ಲಟ್ಟಿಸುತ್ತಾರೆ. ನೆರಿಗೆಗಳೆಲ್ಲ ನೆತ್ತಿಯಲ್ಲಿ ಸೇರುವುದರಿಂದ ಅಂಚು ದಪ್ಪಗಿದ್ದರೆ ಅಲ್ಲಿ ಹಿಟ್ಟಿನ ಗಂಟು ನಿಲ್ಲುತ್ತದೆ, ತಳ ತೆಳ್ಳಗಿದ್ದರೆ ರಸದ ಭಾರಕ್ಕೆ ಒಡೆಯುತ್ತದೆ. ಹಬೆ ತಗುಲಿದಾಗ ಹೆಪ್ಪು ಕರಗಿ ಮತ್ತೆ ಸಾರಾಗುತ್ತದೆ. ತೈಪೆಯಲ್ಲಿ 1958ರಲ್ಲಿ ಅಡುಗೆ ಎಣ್ಣೆ ಮಾರುವ ಅಂಗಡಿಯಾಗಿ ಆರಂಭವಾಗಿ ಈಗ ಜಗತ್ತಿನಾದ್ಯಂತ ಹಬ್ಬಿರುವ ದಿನ್ ತೈ ಫುಂಗ್ ಹೋಟೆಲುಗಳಲ್ಲಿ ಪ್ರತಿಯೊಂದಕ್ಕೂ 18 ನೆರಿಗೆ ಇರಲೇಬೇಕು. ಫ್ಲಶಿಂಗ್‌ನ ಸಾಧಾರಣ ಹೋಟೆಲುಗಳಲ್ಲಿ ಅಂಥ ಲೆಕ್ಕವಿಲ್ಲ, ನಾನೂ ಎಣಿಸುವುದಿಲ್ಲ. ನಾನು ನೋಡುವುದು ಬೇರೆಯದನ್ನು: ನೆತ್ತಿ ಹಿಡಿದು ಎತ್ತಿದಾಗ ಅದು ಕೆಳಗೆ ಚೀಲದಂತೆ ಜೋಲಬೇಕು, ಆದರೂ ಹರಿಯಬಾರದು. ಅಷ್ಟಿದ್ದರೆ ಕಣಕ ನಾದಿದವರಿಗೆ ಕೆಲಸ ಗೊತ್ತು ಎಂದು ತಿಳಿಯುತ್ತೇನೆ.

ಹೋಗುವ ಹೊತ್ತೂ ಮುಖ್ಯ. ಶನಿವಾರ, ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಬಾಗಿಲಲ್ಲೇ ಚೀಟಿ ಹಿಡಿದು ನಿಲ್ಲಬೇಕಾಗುತ್ತದೆ. ನಾನು ಹೋಗುವುದು ಕೆಲಸದ ದಿನಗಳಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ. ಅಡುಗೆಮನೆ ಕಾಣುವಂತೆ ಗಾಜಿನ ಗೋಡೆಯಿದ್ದರೆ ಅದರ ಹತ್ತಿರದ ಮೇಜು ಕೇಳುತ್ತೇನೆ. ಆ ಹೊತ್ತಿಗೆ ಅಲ್ಲಿನ ಹೆಂಗಸರು ಸಂಜೆಯ ಗಿರಾಕಿಗಳಿಗಾಗಿ ಕುಳಿತು ಮಡಿಸುತ್ತಿರುತ್ತಾರೆ. ಒಂದು ಕೈ ಲಟ್ಟಿಸಿದ ಕಣಕದ ಹಾಳೆಯನ್ನು ತಿರುಗಿಸುತ್ತದೆ, ಇನ್ನೊಂದು ಕೈಯ ಬೆರಳುಗಳು ನೆರಿಗೆ ಹಿಡಿಯುತ್ತವೆ, ಕಣ್ಣು ಮಾತ್ರ ಪಕ್ಕದವಳ ಮಾತಿನ ಕಡೆಗಿರುತ್ತದೆ. ನೋಡುತ್ತಾ ಕುಳಿತರೆ ಬುಟ್ಟಿ ಬರುವವರೆಗಿನ ಹೊತ್ತು ಸರಿದದ್ದೇ ತಿಳಿಯುವುದಿಲ್ಲ.

ಇನ್ನು ತಿನ್ನುವ ಕ್ರಮ. ಮುಚ್ಚಳ ತೆಗೆದ ಮೇಲೆ ಒಂದು ನಿಮಿಷ ಬಿಡಬೇಕು, ಒಳಗಿನ ಸಾರು ಕುದಿಯುವ ಬಿಸಿಯಲ್ಲಿರುತ್ತದೆ. ಚಾಪ್‌ಸ್ಟಿಕ್‌ನಿಂದ ಹೊಟ್ಟೆಯನ್ನು ಹಿಸುಕದೆ ನೆತ್ತಿಯ ನೆರಿಗೆಯನ್ನು ಹಿಡಿದು, ಮೊದಲು ಒಂದು ಬದಿಗೆ ಸ್ವಲ್ಪ ಅಲುಗಿಸಿ ತಳ ಬಿಡಿಸಿಕೊಳ್ಳಬೇಕು. ಆಮೇಲೆ ಎತ್ತಿ ಪಿಂಗಾಣಿ ಚಮಚದ ಮೇಲೆ ಕೂರಿಸುವುದು. ಚಾಪ್‌ಸ್ಟಿಕ್ ಒಗ್ಗದಿದ್ದರೆ ಹೋಟೆಲಿನಲ್ಲಿರುವ ಇಕ್ಕಳವನ್ನು ಕೇಳಲು ನಾಚಿಕೆ ಬೇಡ, ಹಲವೆಡೆ ಅವರೇ ತಂದಿಡುತ್ತಾರೆ. ಬದಿಯಲ್ಲಿ ಹಲ್ಲಿನಿಂದ ಸಣ್ಣ ತೂತು ಮಾಡಿ, ಹಬೆ ಹೋಗಲು ಬಿಟ್ಟು, ಮೊದಲು ಬರೀ ಸಾರನ್ನು ಕುಡಿಯುತ್ತೇನೆ, ಏನನ್ನೂ ಬೆರೆಸದೆ. ಅದು ಹೇಗಿದೆ ಎಂಬುದರ ಮೇಲೆಯೇ ಆ ಹೋಟೆಲಿನ ಬಗ್ಗೆ ನನ್ನ ತೀರ್ಮಾನ ನಿಂತಿದೆ. ಬಾಯಿಗೆ ಅಂಟುವ ಜಿಡ್ಡು ಮಾತ್ರ ಉಳಿದರೆ ಎರಡನೇ ಬುಟ್ಟಿ ಹೇಳುವುದಿಲ್ಲ. ಮಾಂಸದ ಸಿಹಿ, ಶುಂಠಿಯ ಘಾಟು ಎರಡೂ ತಿಳಿದರೆ ಕೂತೇ ಬಿಡುತ್ತೇನೆ. ಸಾರು ಕುಡಿದ ಮೇಲೆ ಕಪ್ಪು ವಿನೆಗರ್‌ನಲ್ಲಿ ನೆನೆದ ಶುಂಠಿಯ ಎಳೆಗಳನ್ನು ಮೇಲಿಟ್ಟು, ಉಳಿದದ್ದನ್ನು ಒಂದೇ ತುತ್ತಿಗೆ.

ಈ ವಿನೆಗರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಜಿಯಾಂಗ್ಸು ಪ್ರಾಂತ್ಯದ ಜೆನ್‌ಜಿಯಾಂಗ್ ನಗರದ್ದು, ಅಂಟಕ್ಕಿಯನ್ನು ಹುದುಗು ಬರಿಸಿ ಮಾಡಿದ್ದು. ಅಪ್ಪ ಊರಿನಿಂದ ಬಂದಿದ್ದಾಗ ಅದನ್ನು ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿ, "ಇದು ನಮ್ಮ ಕಾಚಂಪುಳಿಯ ತಮ್ಮ ಕಣಮ್ಮಾ" ಎಂದರು. ಕೊಡಗಿನ ಕಾಚಂಪುಳಿ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದು, ಇನ್ನೂ ಗಟ್ಟಿ, ಹುಳಿಯೂ ಇನ್ನೂ ಖಡಕ್ಕು. ಮಾಡುವ ದಾರಿ ಬೇರೆಯಾದರೂ ಕೆಲಸ ಒಂದೇ, ಹಂದಿಯ ಕೊಬ್ಬನ್ನು ಕತ್ತರಿಸುವುದು. ಪಂದಿ ಕರಿಗೆ ಕಾಚಂಪುಳಿ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಅದನ್ನು ಪಂದಿ ಕರಿ ಎನ್ನುವುದೇ ಇಲ್ಲ. ಹಾಗಾಗಿ ಸೂಪ್ ಡಂಪ್ಲಿಂಗ್ ಮೇಲೆ ಸೋಯಾ ಸಾಸ್ ಸುರಿಯುವವರನ್ನು ಕಂಡರೆ ಕೈ ಹಿಡಿದು ತಡೆಯಬೇಕೆನಿಸುತ್ತದೆ. ಹೂರಣದಲ್ಲಿ ಉಪ್ಪು ಆಗಲೇ ಇದೆ, ಅದಕ್ಕೆ ಬೇಕಾಗಿರುವುದು ಹುಳಿ.

ಹಂದಿ ತಿನ್ನದವರು ಜೊತೆಗಿದ್ದರೆ ಮೊದಲೇ ತಿಳಿಸಿಬಿಡುತ್ತೇನೆ. ಏಡಿಯ ಡಂಪ್ಲಿಂಗ್ ಎಂದು ಪಟ್ಟಿಯಲ್ಲಿರುವುದರಲ್ಲಿಯೂ ಸಾಮಾನ್ಯವಾಗಿ ಹಂದಿ ಇರುತ್ತದೆ, ಏಡಿಯ ಮಾಂಸವನ್ನೂ ತತ್ತಿಯನ್ನೂ ಅದರ ಜೊತೆ ಸೇರಿಸಿರುತ್ತಾರೆ. ಪೂರಾ ಸಸ್ಯಾಹಾರಿಗಳಿಗೆ ತರಕಾರಿಯ ಡಂಪ್ಲಿಂಗ್ ಸಿಗುತ್ತದೆ, ಆದರೆ ಚರ್ಮದ ಜೆಲಟಿನ್ ಇಲ್ಲದ ಕಾರಣ ಅದರೊಳಗೆ ಸಾಮಾನ್ಯವಾಗಿ ಸಾರು ಇರುವುದಿಲ್ಲ. ಅದಕ್ಕಿಂತ ನಾನು ತರಿಸಿಕೊಡುವುದು ಕಾವ್‌ಫು: ಗೋಧಿಯ ಗ್ಲುಟೆನ್, ಕಪ್ಪು ಅಣಬೆ, ಕಡಲೆಕಾಯಿ ಬೀಜ ಹಾಕಿ ಸೋಯಾ ಸಾಸ್, ಸಕ್ಕರೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಶಾಂಘೈ ಕಡೆಯ ತಿನಿಸು. ಜೊತೆಗೆ ಜಜ್ಜಿದ ಸೌತೆಕಾಯಿ, ಬೆಳ್ಳುಳ್ಳಿ ಹಾಕಿದ್ದು. ಈರುಳ್ಳಿ ಸೊಪ್ಪಿನ ಪ್ಯಾನ್‌ಕೇಕ್‌ಗೆ ಹಂದಿಯ ಕೊಬ್ಬು ಬಳಸುವವರೂ ಇದ್ದಾರೆ, ಕೇಳಿಯೇ ತರಿಸಬೇಕು. ಮಡಿ ಪಾಲಿಸುವವರಾದರೆ ಇಷ್ಟೆಲ್ಲ ಕಷ್ಟವೇ ಬೇಡ. ಅದೇ ಫ್ಲಶಿಂಗ್‌ನ ಬೌನ್ ಸ್ಟ್ರೀಟಿನಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನವಿದೆ, ಅದರ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗೆ ದೂರದೂರದಿಂದ ಜನ ಬರುತ್ತಾರೆ. ಮೈಸೂರಿನ ಗೆಳತಿಯ ಅತ್ತೆ, ಮಾವ ಬಂದಾಗ ಅವರನ್ನು ಅಲ್ಲಿಗೇ ಕರೆದೊಯ್ದೆ.

ಎರಡು ಬುಟ್ಟಿಗಳ ನಡುವೆ ಚಹಾ ಕುಡಿಯುತ್ತೇನೆ, ತಣ್ಣೀರು ಮುಟ್ಟುವುದಿಲ್ಲ. ಕೊಬ್ಬಿನ ಬಿಸಿ ಸಾರಿನ ಹಿಂದೆಯೇ ಐಸ್ ನೀರು ಕುಡಿದರೆ ನಾಲಿಗೆ ದಪ್ಪವಾದಂತಾಗಿ ಮುಂದಿನದರ ರುಚಿ ಹತ್ತುವುದಿಲ್ಲ. ಕೆಟಲ್ ಖಾಲಿಯಾದಾಗ ಮುಚ್ಚಳವನ್ನು ಓರೆಯಾಗಿ ಇಟ್ಟರೆ ಸಾಕು, ಕರೆಯದೆಯೇ ಬಿಸಿನೀರು ತುಂಬಿಸುತ್ತಾರೆ.

ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತರುವುದನ್ನು ನಾನು ಒಪ್ಪುವುದಿಲ್ಲ. ಮನೆಗೆ ಬೇಕೆಂದರೆ ಅಲ್ಲಿನ ಚೀನೀ ದಿನಸಿ ಅಂಗಡಿಗಳಲ್ಲಿ ಸಿಗುವ ಫ್ರೀಜರ್ ಡಂಪ್ಲಿಂಗನ್ನು ತರುತ್ತೇನೆ. ಅದನ್ನು ಹೊರಗಿಟ್ಟು ಕರಗಿಸಬಾರದು, ಕಣಕ ಒದ್ದೆಯಾಗಿ ತಳ ಕೀಳುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿ ಬಂದ ಮೇಲೆ, ಎಲೆಕೋಸಿನ ಎಲೆ ಹಾಸಿ, ಒಂದಕ್ಕೊಂದು ತಾಗದಂತೆ ಗಟ್ಟಿಯಿರುವಾಗಲೇ ಇಟ್ಟು ಬೇಯಿಸಬೇಕು. ಹೋಟೆಲಿನ ನಯ ಅದಕ್ಕೆ ಬರುವುದಿಲ್ಲ, ಆದರೆ ಸಾರು ಒಳಗೇ ಉಳಿಯುತ್ತದೆ. ವಿನೆಗರ್ ತೀರಿದ್ದರೆ ಕಾಚಂಪುಳಿಯ ನಾಲ್ಕು ಹನಿಗೆ ನೀರು, ಒಂದು ಚಿಟಿಕೆ ಸಕ್ಕರೆ ಬೆರೆಸಿಕೊಳ್ಳುತ್ತೇನೆ.